ನೋಯದ ಹಲ್ಲು ಅಲ್ಲಾಡಿತು

ಕಳೆದ ತಿಂಗಳು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಪೇರಲಹಣ್ಣು ಕಚ್ಚಿದೆ. ಮುಂದಿನ ಹಲ್ಲೊಂದು ಅಲ್ಲಾಡಿತು.

ನೋವಿಲ್ಲ. ನಾಲಿಗೆಯಿಂದ ಮೆಲ್ಲಗೆ ತಳ್ಳಿ ನೋಡಿದೆ. ಮತ್ತೆ ಅಲ್ಲಾಡಿತು! ನಲವತ್ತಾರನೇ ವಯಸ್ಸಿನಲ್ಲಿ ಹಾಲುಹಲ್ಲು ಎಲ್ಲಿಂದ ಬರಬೇಕು? ಗದಗ ಮುಟ್ಟುವವರೆಗೂ ತುಟಿ ಬಿಗಿಹಿಡಿದು ಕೂತೆ. ಬಸ್ಸು ಹಂಪ್ ಹಾರಿದಾಗಲೆಲ್ಲ ಹಲ್ಲು ಉದುರಿತೇನೋ ಎಂದು ನಾಲಿಗೆಯಿಂದ ಮುಟ್ಟಿ ನೋಡುತ್ತಿದ್ದೆ.

ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಎರಡು ವರ್ಷದಿಂದ ಬ್ರಶ್ ಮಾಡುವಾಗ ರಕ್ತ ಬರುತ್ತಿತ್ತು. ನಾನೇನು ಮಾಡಿದೆ ಗೊತ್ತೇ? ಕೆಂಪು ಬಣ್ಣದ ಪೇಸ್ಟ್ ತಂದೆ. (ರಕ್ತ ಯಾವುದು, ಪೇಸ್ಟ್ ಯಾವುದು ತಿಳಿಯಬಾರದಲ್ಲ!)

ಮರುದಿನವೇ ಹಲ್ಲಿನ ಡಾಕ್ಟರ ಹತ್ತಿರ ಓಡಿದೆ. ನನ್ನ ತಂಗಿಯ ವಯಸ್ಸಿನ ಹೆಣ್ಣುಮಗಳು. ಸಣ್ಣ ಕಡ್ಡಿಯಂಥದ್ದರಿಂದ ಒಸಡಿನ ಸಂದಿ ಅಳೆಯುತ್ತ ಹೋದಂತೆ ಅವರ ಮಾತು ಕಡಿಮೆಯಾಯಿತು. ಡಾಕ್ಟರು ಸುಮ್ಮನಾದರೆ ಹೆದರಿಕೆ ಆಗುತ್ತದೋ ಇಲ್ಲವೋ?

ಎಕ್ಸ್‌ರೇ ತೋರಿಸಿದರು. "ಹಲ್ಲ ಗಟ್ಟಿ ಅದಾವರಿ ಅಕ್ಕಾರ. ಅವನ್ನ ಹಿಡಕೊಂಡಿರೋ ಎಲುಬು ಸವದೈತಿ, ನೋಡ್ರಿ."

"ನೋವ ಇರಲಿಲ್ಲಲ್ರಿ?"

"ಅದ ಇದರ ಮೋಸರಿ. ಒಸಡಿನ್ಯಾಗ ಶುರು ಆಗಿ, ಸಪ್ಪಳಿಲ್ಲದ ಎಲುಬು ತಿಂತೈತಿ."

"ಮತ್ತ ಬೆಳಿತೈತೇನ್ರಿ?"

"ಹೋದದ್ದು ಮೊದಲಿನಂಗ ಆಗೂದು ಕಷ್ಟರಿ. ಉಳದದ್ದು ಉಳಿಸಿಕೊಳ್ಳೋಣು. ಶುಗರ್ ಇದ್ರ ಇದು ಜಾಸ್ತಿ ಆಗತೈತಿ, ಟೆಸ್ಟ್ ಮಾಡಿಸೀರೇನು?"

ಶುಗರ್! ಒಂದು ಹೆದರಿಕೆಗೆ ಇನ್ನೊಂದು ಜೋಡಿ. ರಿಪೋರ್ಟ್ ಬರುವವರೆಗೆ ಚಹಾಕ್ಕೂ ಸಕ್ಕರೆ ಹಾಕಲಿಲ್ಲ.

ಪುಣ್ಯಕ್ಕೆ ಶುಗರ್ ಇರಲಿಲ್ಲ. ಒಸಡಿನ ಕೆಳಗೆ ಕಲ್ಲಿನಂತೆ ಗಟ್ಟಿಯಾಗಿದ್ದ ಕಿಟ್ಟವನ್ನು ಕೆರೆದು ತೆಗೆಯಲು ನಾಲ್ಕು ಸಲ ಹೋಗಬೇಕಾಯಿತು. ದವಡೆಹಲ್ಲೊಂದು ಉಳಿಯಲಿಲ್ಲ; ಕಿತ್ತರು. ಅಲ್ಲಾಡಿದ ಮುಂದಿನ ಹಲ್ಲು ಸದ್ಯಕ್ಕಿದೆ. ರಕ್ತ ನಿಂತಿದೆ. ಆದರೂ ಬೆಳಿಗ್ಗೆ ಎಚ್ಚರವಾದ ಕೂಡಲೇ ನಾಲಿಗೆ ತಾನಾಗಿಯೇ ಹೋಗಿ ಆ ಹಲ್ಲನ್ನು ಮುಟ್ಟಿ ನೋಡುತ್ತದೆ. ಇದೆಯಾ?

ಡೋಣಿ ಎಂಬ ಹಳ್ಳಿಯಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ನನಗೂ ರಕ್ತ ಬರ್ತಿತ್ತವಾ. ಹಲ್ಲ ತಿಕ್ಕೂದ ಬಿಟ್ಟೆ. ಈಗ ರಕ್ತ ಕಾಣೂದಿಲ್ಲ."

"ಯಕ್ಕಾ, ನಾಳೆ ಮುಂಜಾನಿ ಬಸ್ಸಿಗೆ ಬಾ. ಡಾಕ್ಟರ್‌ಗೆ ತೋರಸೂಣು."

"ಹಲ್ಲ ನೋಯವಲ್ವು. ಯಾಕ ಬರಲಿ?"

"ನೋಯವಲ್ವು ಅಂತನ ಹೆದರಿಕಿ ನನಗ!"

"ನೋಡೂಣು ತಗೋ," ಎಂದು ಫೋನ್ ಇಟ್ಟಳು.

ಬೆರಳಿಗೆ ಮುಳ್ಳು ಚುಚ್ಚಿ ಹನಿ ರಕ್ತ ಕಂಡರೆ ಮನೆಮಂದಿಯನ್ನೆಲ್ಲ ಕೂಗುವ ನಾವು, ದಿನಾ ಬಾಯಿಂದ ಬರುವ ರಕ್ತಕ್ಕೆ ಮಾತ್ರ ನಲ್ಲಿ ತಿರುವಿ ಸುಮ್ಮನಾಗುವುದೇಕೆ?