ತೆಳುವಾದ ಡಿಸ್ಕು

ಹಿಮಾಯತ್‌ನಗರದಲ್ಲಿ ನಮ್ಮ ಪಕ್ಕದ ಮನೆಯವರದು ಸ್ಕೂಟರಿನ ಡಿಸ್ಕ್ ಬ್ರೇಕನ್ನು ಅಗ್ಗದಲ್ಲಿ ತಯಾರಿಸಲು ನಕ್ಷೆ ಬರೆಯುವ ಕೆಲಸ. ಊಟಕ್ಕೆ ಕರೆದರೂ ಮೊದಲು ತಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡುತ್ತಿದ್ದರು. ಏನು ಕೇಳಿದರೂ, “ಲೆಕ್ಕ ಸರಿ ಐತ್ರಿ” ಎನ್ನುತ್ತಿದ್ದರು. ಆದರೆ ಹೊಸ ಡಿಸ್ಕನ್ನು ತಮ್ಮದೇ ಸ್ಕೂಟರಿಗೆ ಹಾಕಿ ಎಂಟು ದಿನ ಓಡಿಸದೆ ನಕ್ಷೆಗೆ ಸಹಿ ಮಾಡುತ್ತಿರಲಿಲ್ಲ.

ಒಮ್ಮೆ ತೀರಾ ತೆಳುವಾದ ಡಿಸ್ಕು ಹಾಕಿ ಇನ್ನೂ ಎರಡೇ ದಿನವಾಗಿತ್ತು. ಅದು ಗೊತ್ತಿಲ್ಲದೆ ಅವರ ಹೆಂಡತಿ ಆ ಸ್ಕೂಟರಿನಲ್ಲೇ ಬೇಗಂ ಬಜಾರಿಗೆ ಹೋಗಿಬಿಟ್ಟರು. ಆಕೆಯ ಫೋನು ಮನೆಯಲ್ಲೇ ಇತ್ತು. ಇವರು ಗೇಟು ಹಿಡಿದು ನಿಂತವರು ಕದಲಲಿಲ್ಲ. ದೂರದಲ್ಲಿ ಬಸ್ಸು ಹಾರ್ನ್ ಹೊಡೆದರೆ ಪಕ್ಕದಲ್ಲಿ ನಿಂತಿದ್ದ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು.

“ಲೆಕ್ಕ ಸರಿ ಐತಲ್ರಿ?” ಎಂದೆ.

ಮಧ್ಯಾಹ್ನ ಆಕೆ ಬೇಳೆಯ ಚೀಲದೊಂದಿಗೆ ಬಂದಿಳಿದು, “ಬ್ರೇಕ್ ಭಾಳ ಛಲೋ ಹಿಡೀತಾವ್ರಿ! ಯಾಕ, ಇಬ್ಬರೂ ಕಳ್ಳರಂಗ ನಿಂತೀರಿ?” ಎಂದು ನಕ್ಕರು.

ಇವರು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಾದ ಡಿಸ್ಕನ್ನು ಮುಟ್ಟಿ ಬೆರಳು ಸುಟ್ಟುಕೊಂಡರು. ಅಂದೇ ನಕ್ಷೆಯಲ್ಲಿ ಹಳೆಯ ದಪ್ಪವನ್ನೇ ಬರೆದರು.

“ಲೆಕ್ಕ ತಪ್ಪಿತ್ತೇನ್ರಿ?” ಎಂದು ಕೇಳಿದೆ.

“ಸರೀನೇ ಇತ್ರಿ. ನಾ ಓಡಿಸಿದಾಗ ಅಂಜಿಕಿ ಬಂದಿರಲಿಲ್ಲ, ಅಷ್ಟ.”