ಯಾವ ಏಳು

ಆ ಶನಿವಾರ ಬೆಳಿಗ್ಗೆ ನಮ್ಮನೆಯವರು ನನ್ನ ಮೇಲೆ ರೇಗಿದ್ದು ಒಂದು ಗುಂಡಿಗೆ. ಅಂಗಿಯ ಗುಂಡಿ ಕಿತ್ತುಹೋಗಿತ್ತು, ನಾನು ಹೊಲಿದಿರಲಿಲ್ಲ.

"ನಿನಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

"ಹಾಗಾದ್ರೆ ಗೋಡೇನೇ ಕಟ್ಕೋಬೇಕಿತ್ತು."

ಮುಖ ಊದಿಸಿಕೊಂಡೇ ಇಬ್ಬರೂ ಕೆಲಸಕ್ಕೆ ಹೋದೆವು. ಇಬ್ಬರಿಗೂ ಕೆಲಸ ಒಂದೇ ಕಡೆ. ಬಾಟಲಿಗೆ, ಡಬ್ಬಕ್ಕೆ ಅಂಟಿಸೋ ಲೇಬಲ್ ಪ್ರಿಂಟ್ ಮಾಡೋ ಪ್ರೆಸ್ಸು. ಅವರು ಕಂಪ್ಯೂಟರ್ ಮುಂದೆ, ನಾನು ಪೊರಕೆ ಹಿಂದೆ.

ಅವರು ಮೌಸ್ ಮುಟ್ಟುತ್ತಿರಲಿಲ್ಲ. "ಇಲಿ ಹಿಡಿಯೋದು ಬೆಕ್ಕಿನ ಕೆಲಸ" ಅನ್ನೋರು. ಕಪ್ಪು ಪರದೆ ತೆರೆದು, ಅಕ್ಷರ ಕುಟ್ಟಿ ಯಂತ್ರಕ್ಕೆ ಹುಕುಂ ಕೊಡೋರು. ಮಾರುದ್ದದ ಹುಕುಂ ದಿನಾ ಯಾರು ಕುಟ್ಟೋರು ಅಂತ ಒಂದೊಂದಕ್ಕೂ ಗಿಡ್ಡ ಹೆಸರು ಇಟ್ಟಿದ್ದರು. ಎಲ್ಲ ನಮ್ಮ ಮನೆ ಮಾತೇ, ಇಂಗ್ಲಿಷ್ ಅಕ್ಷರದಲ್ಲಿ. ಇ, ಎಲ್, ಯು ಒತ್ತಿದರೆ "ಏಳು". ಪ್ರಿಂಟರ್‌ಗಳು ಏಳುತ್ತಿದ್ದವು, ಆವತ್ತಿನ ಕೆಲಸ ಪರದೆ ಮೇಲೆ ಸಾಲಾಗಿ ನಿಲ್ಲುತ್ತಿತ್ತು. ಬೆಳಿಗ್ಗೆ ಮೊದಲು ಬರೋಳು ನಾನು, ಹಾಗಾಗಿ ಅದನ್ನು ಒತ್ತೋಳೂ ನಾನೇ. ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಅವರೇ ಕಲಿಸಿದ್ದು. ಮರೀತೀನಿ ಅಂತ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದ್ದರು: "ಬಂದ ಕೂಡಲೇ ಏಳು."

ಶನಿವಾರ ಸಂಜೆ ಅವರೇ ಇನ್ನೊಂದು ಒತ್ತೋರು. ಅದು ಅಂಕಿಯ 7. ವಾರ ಮುಗಿಯಿತು ಅಂತ. ಪರದೆ ಮೇಲಿದ್ದದ್ದೆಲ್ಲ ಕಣ್ಣಿಗೆ ಕಾಣದ ಒಂದು ಜಾಗಕ್ಕೆ ಹೋಗುತ್ತಿತ್ತು. ಅದಕ್ಕೆ ಅವರು ಅಟ್ಟ ಅನ್ನೋರು. ಗುಂಡಿಗೆ ಜಗಳವಾದ ಆ ಶನಿವಾರ ಇನ್ನೂ ಪ್ರಿಂಟ್ ಆಗದ ಕೆಮ್ಮಿನ ಔಷಧಿ ಲೇಬಲ್ಲೂ ಅಟ್ಟ ಹತ್ತಿಬಿಟ್ಟಿತು. "ಇಳಿಸು" ಅಂತ ಕುಟ್ಟಿದರು. ಇಳಿಯಿತು.

"ನೋಡೇ, ಇಳಿಸು ಅಂದ್ರೆ ತುಟಿಪಿಟಕ್ಕನ್ನದೆ ಇಳಿಸುತ್ತೆ. ನಿನಗೆ ಹೇಳಿದ್ರೆ ಏಣಿ ಎಲ್ಲಿ ಅಂತ ಅರ್ಧ ಗಂಟೆ ಜಗಳ."

"ಏಣಿ ತಂದುಕೊಟ್ಟಿದ್ದೀರಾ ಯಾವತ್ತಾದ್ರೂ?"

ಮನೆಗೆ ಬಂದರು. ಶೂ ಬಿಚ್ಚೋಕೆ ಕುರ್ಚಿ ಮೇಲೆ ಕೂತರು. ಒಂದು ಬಿಚ್ಚಿದರು. ಇನ್ನೊಂದು ನಾನು ಬಿಚ್ಚಬೇಕಾಯಿತು. ಗುಂಡಿ ಇಲ್ಲದ ಅಂಗಿಯಲ್ಲೇ ಹೋದರು.

ಸಾವಿಗೆ ಪ್ರೆಸ್ಸಿನ ಧಣಿ ಬಂದು ಮುಖ ತೋರಿಸಲಿಲ್ಲ. ಆರನೇ ದಿನ ನಾನೇ ಕೆಲಸಕ್ಕೆ ಹೋದೆ. ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ನಮ್ಮ ಹಿಂದಿನ ಆಪರೇಟರ್ ಬೇಕೆಂದೇ ಮಾಡಿಟ್ಟ ಕಿತಾಪತಿಯಿಂದ ಲೇಬಲ್‌ಗಳು ಅಳಿಸಿಹೋಗಿವೆ. ಗ್ರಾಹಕರು ಕ್ಷಮಿಸಬೇಕು."

ಬಂದು ಹೋಗೋರೆಲ್ಲ ಓದಿದ್ದಾರೆ. ಹದಿನೆಂಟು ವರ್ಷ ಒಂದು ಲೇಬಲ್ಲೂ ಕಳೆಯದ ಮನುಷ್ಯನ ಬಗ್ಗೆ.

ಒಳಗೆ ಅವರ ಕುರ್ಚಿಯಲ್ಲಿ ಧಣಿಯ ಬಾಮೈದ ಕೂತಿದ್ದ. ಬಿಸ್ಕತ್ತು ತಿನ್ನುತ್ತಿದ್ದ, ಪುಡಿಯೆಲ್ಲ ಕೀಬೋರ್ಡ್ ಮೇಲೆ.

"ಏನು ಒತ್ತಿದೆ?" ಅಂತ ಕೇಳಿದೆ.

"ನಿನ್ನ ಗಂಡ ಬರೆದಿಟ್ಟಿದ್ದೇ ಒತ್ತಿದೆ. ಏಳು. ಎರಡು ದಿನದ ಕೆಲಸ ಮಾಯ. ಸತ್ತ ಮೇಲೂ ಬಲೆ ಒಡ್ಡಿಟ್ಟಿದ್ದಾನೆ."

"ಯಾವ ಏಳು?"

"ಎಷ್ಟು ಏಳಮ್ಮ ಇರೋದು? ಆರು ಆದ್ಮೇಲೆ ಬರೋ ಏಳು!"

"ಅದು ಎದ್ದೇಳು ಅನ್ನೋ ಏಳು ಕಣಯ್ಯಾ."

ಕಾಗದ ಕತ್ತರಿಸೋ ಮೇಸ್ತ್ರಿ ಕಿಸಕ್ಕನೆ ನಕ್ಕ. ಬಾಮೈದನ ಕಿವಿ ಕೆಂಪಾಯಿತು. ಧಣಿ ತನ್ನ ರೂಮಿಂದ ಎದ್ದು ಬಂದ.

"ಏನಮ್ಮ, ವಾಪಸ್ ತರೋಕೆ ನಿನಗೆ ಬರುತ್ತಾ?"

"ಬರುತ್ತೆ."

"ಮತ್ತೇನು ನೋಡ್ತಾ ನಿಂತಿದ್ದೀಯಾ? ತೆಗಿ."

"ಮೊದಲು ಬಾಗಿಲದ್ದು ತೆಗೀರಿ ಸಾರ್."

"ನನಗೇ ಷರತ್ತಾ? ಗುಡಿಸೋಳು ನೀನು."

"ಹೌದು. ಅದಕ್ಕೇ ಕಸ ಯಾವುದು ಅಂತ ಗೊತ್ತು."

ಧಣಿ ಗಡಿಯಾರ ನೋಡಿದ. ಸಂಜೆಯೊಳಗೆ ನಾಲ್ಕು ಕಂಪನಿಗೆ ಲೇಬಲ್ ಹೋಗಬೇಕಿತ್ತು. ಹೋಗಿ ಕಾಗದ ಹರಿದ.

"ಈಗ ಇನ್ನೊಂದು ಬರೀರಿ. ತಪ್ಪು ಯಾರದು ಅಂತ."

ಬರೆದ. ಇಸಿದುಕೊಂಡು ಓದಿದೆ. "ಯಂತ್ರದ ದೋಷದಿಂದ" ಅಂತಿತ್ತು.

"ಯಂತ್ರಕ್ಕೆ ಕಾಲಿಲ್ಲ ಸಾರ್, ತಾನಾಗಿ ಅಟ್ಟ ಹತ್ತಲ್ಲ. ಹತ್ತಿಸಿದ್ದು ನಿಮ್ಮ ಬಾಮೈದ. ಹಾಗಂತ ಬರೀರಿ."

"ಭಾವಾ, ಇವಳ ಮಾತು..." ಅಂತ ಅವನು ಶುರುಮಾಡಿದ.

"ನೀನು ಬಾಯಿ ಮುಚ್ಚು" ಅಂದ ಧಣಿ. ಹಲ್ಲು ಕಚ್ಚಿಕೊಂಡು ಬರೆದ: ಹಿಂದಿನ ಆಪರೇಟರ್ ತಪ್ಪಿಲ್ಲ, ನಮ್ಮ ಬಾಮೈದ ತಪ್ಪು ಒತ್ತಿದ್ದು. ಅಂಟಿಸೋವರೆಗೆ ನಾನು ಅಲ್ಲಾಡಲಿಲ್ಲ.

ಆಮೇಲೆ ಬಾಮೈದನನ್ನು ಕುರ್ಚಿಯಿಂದ ಎಬ್ಬಿಸಿ, ಒಂದೊಂದೇ ಅಕ್ಷರ ಹುಡುಕಿ "ಇಳಿಸು" ಅಂತ ಒತ್ತಿದೆ. ಇಳಿಯಿತು, ಎಲ್ಲ. ಮೇಸ್ತ್ರಿ ಕಣ್ಣು ಒರೆಸಿಕೊಂಡ. ನಾನು ಒರೆಸಿಕೊಳ್ಳಲಿಲ್ಲ. ಧಣಿ ಮುಂದೆ ಯಾಕೆ ಅಳಲಿ?

ಧಣಿ ಇವತ್ತಿನವರೆಗೂ ಪಾಪ ಅನ್ನೋ ಮಾತು ಆಡಿಲ್ಲ. ಆಡೋದೂ ಬೇಡ. ಆ ಎರಡನೇ ಕಾಗದವನ್ನು ವಾರಕ್ಕೇ ಕಿತ್ತರು. ಕಸದಲ್ಲಿ ಸಿಕ್ಕಿತು. ಮನೆಗೆ ತಂದಿಟ್ಟಿದ್ದೀನಿ.

ಬಾಮೈದನಿಗೆ ಈಗ ಆ ಮೂರು ಅಕ್ಷರ ಗೊತ್ತು, ಆದರೂ ಮುಟ್ಟಲ್ಲ. ಹೆದರಿಕೆ. ಹೆದರಲಿ.

ಬೆಳಿಗ್ಗೆ ಬೀಗ ತೆಗೆಯೋಳು ಇವತ್ತಿಗೂ ನಾನೇ. ಗುಡಿಸುತ್ತೀನಿ. ಕೀಬೋರ್ಡ್ ತಲೆಕೆಳಗೆ ಮಾಡಿ ಅವನ ಬಿಸ್ಕತ್ತು ಪುಡಿ ಉದುರಿಸುತ್ತೀನಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತೀನಿ. ಆ ಕುರ್ಚಿಯಲ್ಲಿ ಕೂರಲ್ಲ. ನಿಂತುಕೊಂಡೇ ಒತ್ತುತ್ತೀನಿ. ಇ. ಎಲ್. ಯು.