ಕೈ ಹಾಕದೆ ಹುಟ್ಟಿದ ಟಗರು

ಕುರಿ ಸಾಕುವವರೆಲ್ಲ ಅವಳನ್ನು ಪುಟ್ಟಗೈ ಎಂದೇ ಕರೆಯುತ್ತಿದ್ದರು. ಆಳು ಎತ್ತರವೇ, ಗಂಟಲೂ ದೊಡ್ಡದೇ, ಅಂಗೈ ಮಾತ್ರ ಸ್ಕೂಲಿಗೆ ಹೋಗುವ ಹುಡುಗಿಯದು. ಕುರಿ ಈಯಲಾರದೆ ಒದ್ದಾಡುತ್ತಿದ್ದರೆ ಆ ಕೈಯೇ ಬೇಕು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಒಣಹುಲ್ಲಿನ ಮೇಲೆ ಮಂಡಿಯೂರಿದಳೆಂದರೆ, ಒಳಗೆ ಸಿಕ್ಕಿಕೊಂಡ ಮರಿಯ ತಲೆ ಸರಿಮಾಡಿ ಎಳೆದೇ ಮೇಲೇಳುವಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಬಾಯಿಗೆ ಬೀಗ ಬಿದ್ದದ್ದು ಈ ಕೈಯಿಂದಲೇ. ಸೊಸೆ ಅಡುಗೆ ಕೆಡಿಸಿದರೂ ಮನೆಯಲ್ಲಿ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಆ ಕಡೆಯವರ ಕುರಿಗಳದು ಅಪ್ಪಟ ತಳಿ. ಹಾಲಿನಂಥ ಉಣ್ಣೆ, ಅಗಲ ಹಣೆ, ದಪ್ಪ ತಲೆ. ಆ ತಲೆಗೇ ಬಹುಮಾನ. ಪ್ರದರ್ಶನದಲ್ಲಿ ಗೆದ್ದ ಟಗರನ್ನೇ ಎಲ್ಲರೂ ತಮ್ಮ ಹಿಂಡಿಗೆ ಬಿಡುತ್ತಿದ್ದರು. ಮರಿಗಳ ತಲೆ ವರ್ಷ ವರ್ಷ ದಪ್ಪವಾಗುತ್ತ ಹೋಯಿತು, ತಾಯಂದಿರ ಸೊಂಟ ಇದ್ದ ಹಾಗೇ ಇತ್ತು. ಇದರಿಂದ ಜನಕ್ಕೆ ನಾಚಿಕೆಯಾಗಬೇಕಿತ್ತು, ಆದದ್ದು ಹೆಮ್ಮೆ. "ನಮ್ಮದು ಜಾತಿ ಕುರಿ ಕಣ್ರೀ, ಕೈ ಹಾಕದೆ ಈಯಲ್ಲ" ಎಂದು ಮೀಸೆ ತಿರುವುವರು. ದೇವರು ಬುದ್ಧಿ ಹಂಚುವಾಗ ಇವರೆಲ್ಲ ಬಹುಮಾನದ ಕಪ್ ಒರೆಸುತ್ತ ಕೂತಿದ್ದರೆಂದು ಕಾಣುತ್ತದೆ.

ತಳಿ ಸಂಘದ ಅಧ್ಯಕ್ಷ ಅವಳ ಗಂಡನ ಅಣ್ಣನೇ. ಒಂದು ಸಲ ಆತನ ಬಹುಮಾನದ ಕುರಿಗೆ ಅವಳು ಕೈ ಹಾಕಿದಳು. ಮರಿಯ ತಲೆ ತಾಯಿಯ ಸೊಂಟದ ಮೂಳೆಗೆ ಕಚ್ಚಿಕೊಂಡುಬಿಟ್ಟಿತ್ತು. ಕುರಿ ಅವಳ ಮುಖ ನೋಡುತ್ತಲೇ ಸತ್ತಿತು, ಕೊನೆಗೆ ಹೊರಗೆಳೆದ ಮರಿಯೂ ಉಳಿಯಲಿಲ್ಲ. ಭಾವ ಸತ್ತ ಮರಿಯ ತಲೆಯನ್ನು ಎತ್ತಿ ಹಿಡಿದು, "ಎಂಥಾ ಹಣೆ ನೋಡಮ್ಮ. ಬದುಕಿದ್ದಿದ್ರೆ ಕಪ್ ಇದರದೇ" ಎಂದ. ಅವಳ ಮೈ ಉರಿದುಹೋಯಿತು. ಆ ಉರಿ ಮತ್ತೆ ಆರಲೇ ಇಲ್ಲ.

ಅಂದಿನಿಂದ ತನ್ನ ಹಿಂಡಿಗೆ ಅವಳದು ಒಂದೇ ಕಟ್ಟಳೆ. ತಾನಾಗಿ ಈದ ಕುರಿಯ ಮರಿಯನ್ನಷ್ಟೇ ತಳಿಗೆ ಉಳಿಸುವುದು. ಕೈ ಹಾಕಿ ಎಳೆದ ಮರಿ ಎಷ್ಟೇ ಚೆಂದವಿರಲಿ, ಅದು ಮಾರಾಟಕ್ಕೆ.

"ನಿನ್ನ ಕೈಗೆ ನೀನೇ ಕೆಲಸ ಇಲ್ಲದ ಹಾಗೆ ಮಾಡ್ಕೊಳ್ತಿದೀಯಲ್ಲೇ" ಎಂದು ಗಂಡ ಗೊಣಗಿದ.

"ಮಾಡ್ಕೊಳ್ತೀನಿ" ಎಂದಳು.

ಹಾಗೆ ಎಷ್ಟೋ ವರ್ಷ ಆರಿಸಿ ಆರಿಸಿ ಕೊನೆಗೆ ಹುಟ್ಟಿದ ಟಗರೇ ಉದ್ದಮೂತಿ. ಮೈಕಟ್ಟು, ಬಣ್ಣ, ಉಣ್ಣೆ ಎಲ್ಲ ತಳಿಯದೇ, ತಲೆ ಮಾತ್ರ ಸಪೂರ. ಅವನ ಮರಿಗಳು ಸಲೀಸಾಗಿ ಜಾರಿಬಂದು, ತಾಯಿ ನೆಕ್ಕಿ ಮುಗಿಸುವುದರೊಳಗೆ ಎದ್ದು ನಿಲ್ಲುತ್ತಿದ್ದವು. "ಏನಕ್ಕಾ, ಕುರಿಗಳನ್ನ ಕತ್ತೆ ಹತ್ರ ಬಿಟ್ಟಿದ್ರಾ?" ಎಂದು ನೆರೆಯವರು ಛೇಡಿಸಿದರು.

ಸಂಘದ ತಪಾಸಣೆಯ ದಿನ ಭಾವ ಕಚೇರಿಯಲ್ಲಿ ಎಲ್ಲರೆದುರು ಮರದ ಅಳತೆಪಟ್ಟಿಯನ್ನು ಉದ್ದಮೂತಿಯ ಹಣೆಗೆ ಹಿಡಿದು, ತಲೆಯಾಡಿಸಿದ.

"ಸಾಲದು ಕಣಮ್ಮ. ಇವನ ಬೀಜ ಒಡೆಸಿಬಿಡು, ಮಿಕ್ಕ ಕುರಿಗಳು ಸಂಘದಲ್ಲಿರಲಿ. ಇಲ್ಲಾಂದ್ರೆ ನಿನ್ನ ಹಿಂಡೇ ಹೊರಗೆ. ಆಮೇಲೆ ತಳಿಗೇಂತ ನಿನ್ನ ಮರಿ ಯಾರೂ ಒಯ್ಯಲ್ಲ, ಮಾಂಸದಂಗಡಿಗೇ ಹೋಗ್ಬೇಕು."

"ಹಣೆ ಅಳೆದ್ರಿ ಭಾವ. ಸೊಂಟ ಅಳೆಯೋದು ಯಾವಾಗ?"

"ಸೊಂಟಕ್ಕೆ ಯಾರಮ್ಮ ಕಪ್ ಕೊಡ್ತಾರೆ?"

"ಹಾಗಾದ್ರೆ ನಾವು ಹೊರಗೇ ಇರ್ತೀವಿ. ಇವನ ಮೈ ಮುಟ್ಟೋಕೆ ಬಿಡಲ್ಲ."

ಟಗರಿನ ಕಿವಿಯಲ್ಲಿದ್ದ ಸಂಘದ ಬಿಲ್ಲೆಯನ್ನು ಕತ್ತರಿಸಿ ಮೇಜಿನ ಮೇಲಿಟ್ಟಳು. ಅಷ್ಟು ಹೊತ್ತೂ ನೆಲ ನೋಡುತ್ತ ನಿಂತಿದ್ದ ಗಂಡ ಅಣ್ಣನ ಮುಖವನ್ನೊಮ್ಮೆ ನೋಡಿ, ಟಗರಿನ ಹಗ್ಗ ಹಿಡಿದು ಅವಳಿಗಿಂತ ಮುಂದಾಗಿ ಬಾಗಿಲು ದಾಟಿದ.

ಭಾವ ಹೇಳಿದಂತೆಯೇ ಆಯಿತು. ಆ ವರ್ಷ ಅವಳ ಮರಿಗಳನ್ನು ಕೇಳಿಕೊಂಡು ಬಂದವರು ಮಾಂಸದಂಗಡಿಯವರು ಮಾತ್ರ. ಗಂಡುಮರಿಗಳನ್ನು ಕೊಟ್ಟಳು, ಹೆಣ್ಣುಮರಿ ಒಂದನ್ನೂ ಕೊಡಲಿಲ್ಲ.

ಮತ್ತೆ ಕುರಿ ಈಯುವ ಕಾಲ ಬಂತು. ಒಂದು ಬೆಳಿಗ್ಗೆ ಅವಳು ಹಟ್ಟಿಯ ಬಾಗಿಲಲ್ಲಿ ಕೂತು, ತನ್ನ ಕುರಿ ತಾನಾಗಿ ಈಯುವುದನ್ನು ನೋಡುತ್ತ ಕಾಫಿ ಕುಡಿಯುತ್ತಿದ್ದಾಗ ಭಾವ ಬಂದು ನಿಂತ. ತೋಳೆಲ್ಲ ರಕ್ತ, ಮುಖ ಬಿಳಿಚಿಕೊಂಡಿತ್ತು. ತನ್ನ ಕುರಿಗೆ ತಾನೇ ಕೈ ಹಾಕಿ ಸೋತು ಬಂದಿದ್ದ.

"ಬಾಮ್ಮ" ಎಂದ, ಅಷ್ಟೇ.

ಅವನ ಮೇಲಿನ ಸಿಟ್ಟನ್ನು ಕುರಿಯ ಮೇಲೆ ತೀರಿಸುವಷ್ಟು ಕೆಟ್ಟವಳಲ್ಲ ಅವಳು. ಲೋಟ ಕೆಳಗಿಟ್ಟು ಹೊರಟಳು. ಬಹಳ ಹೊತ್ತು ಹೆಣಗಿದ ಮೇಲೆ ಮರಿ ಬಂತು, ಉಸಿರಾಡಿತು. ತಾಯಿಯೂ ಉಳಿಯಿತು. ಭಾವನೇ ಚೊಂಬಿನಿಂದ ಅವಳ ಕೈಗೆ ನೀರು ಹೊಯ್ದ.

"ಈ ಕೈ ಇಲ್ದಿದ್ರೆ ನಮ್ಮ ತಳಿ ಎಲ್ಲಿ ಉಳೀತಿತ್ತಮ್ಮ" ಎಂದ. ಮೆಚ್ಚಿಯೇ ಹೇಳಿದ್ದ.

"ಅದನ್ನೇ ಭಾವ ನಾನು ಹೇಳ್ತಿರೋದು" ಎಂದು ಅವಳು ಕೈಯೊರೆಸಿಕೊಂಡಳು. "ಮುಂದಿನ ವರ್ಷ ಈ ಕೈ ಬರಲ್ಲ. ಬೇಕಾದ್ರೆ ಹೇಳಿ ಕಳಿಸಿ, ನನ್ನ ಟಗರು ಬರ್ತಾನೆ."